ಕಡೆಯ ರೀಲಿಗೆ ಮುಂಚೆ ಬಂದ ಸ್ಲೈಡು

ಸಿನಿಮಾ ಮುಗಿಯಲು ಇನ್ನೇನು ಹತ್ತು ನಿಮಿಷ ಇದೆ ಅನ್ನುವಾಗ ಎದ್ದು ಹೊರಗೆ ಬಂದುಬಿಡುವುದು ನನ್ನ ಹಳೆಯ ಚಾಳಿ. ಖಳನಾಯಕ ಬಂದೂಕು ಎತ್ತಿದನೋ, ಅಗಲಿದ ತಾಯಿ ಮಗ ಒಂದೇ ಬೀದಿಯ ಎರಡು ತುದಿಗಳಲ್ಲಿ ಕಾಣಿಸಿಕೊಂಡರೋ, ನನ್ನ ಕೈ ತಾನಾಗಿ ಬ್ಯಾಗಿಗೆ ಹೋಗುತ್ತದೆ. ಸಾಲಿನಲ್ಲಿ ಕೂತವರ ಕಾಲು ತುಳಿದು, ಅವರಿಂದ ಬೈಸಿಕೊಂಡು, ಹೊರಗೆ ಬಂದು ಕಡಲೆಕಾಯಿ ಮಾರುವವನ ಪಕ್ಕ ನಿಲ್ಲುತ್ತೇನೆ. ಮದುವೆಯಾದ ಹೊಸದರಲ್ಲಿ ನಮ್ಮ ಯಜಮಾನರು ಗಾಬರಿಯಾಗಿ ಹಿಂದೆಯೇ ಓಡಿ ಬಂದಿದ್ದರು, ಹೊಟ್ಟೆ ತೊಳಸುತ್ತಿದೆಯೇನೋ ಅಂತ. ಎರಡನೆಯ ಸಲ ಓಡಿ ಬರಲಿಲ್ಲ. ಮೂರನೆಯ ಸಲ ತಾವು ಪೂರ್ತಿ ನೋಡಿ ಬಂದು, ಮನೆಯ ದಾರಿಯಲ್ಲಿ ಉಳಿದ ಕಥೆ ಹೇಳಲು ಶುರು ಮಾಡಿದರು. ದಯವಿಟ್ಟು ಹೇಳಬೇಡಿ ಅಂದೆ. ಅವತ್ತಿನಿಂದ ಅವರು ನನ್ನನ್ನು ಸಿನಿಮಾಕ್ಕೆ ಕರೆಯುವುದನ್ನೇ ಕಡಿಮೆ ಮಾಡಿದರು.

"ಟಿಕೆಟ್ಟಿನ ಕಾಲು ಭಾಗ ವಾಪಸ್ ಕೇಳಮ್ಮ" ಎಂದು ಮಗಳು ಗೇಲಿ ಮಾಡುತ್ತಾಳೆ. ನಗಲಿ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಓದು ಕಲಿಸಿದವಳು ನಾನು. "ಪಾಠ ಅರ್ಧಕ್ಕೆ ಬಿಡಬಾರದು, ಕೊನೆಯ ಸಾಲಿನವರೆಗೂ ಓದಬೇಕು" ಎಂದು ಅದೆಷ್ಟು ಮಕ್ಕಳ ಕಿವಿ ಹಿಂಡಿದ್ದೇನೋ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ನಾನು ಸಿನಿಮಾ ನೋಡಲು ಕಲಿತದ್ದು ಮಧುಗಿರಿಯಲ್ಲಿ, ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ. ಬೆಟ್ಟದ ಕಡೆಗೆ ಬೆನ್ನು ಮಾಡಿ ನಿಂತಿದ್ದ ನಮ್ಮ ಟಾಕೀಸಿಗೆ ತಗಡಿನ ಸೂರು. ಬೇಸಿಗೆಯ ಮ್ಯಾಟಿನಿಯಲ್ಲಿ ಒಳಗೆ ಕೂತರೆ ರಾಗಿ ರೊಟ್ಟಿಯ ಹೆಂಚಿನ ಮೇಲೆ ಕೂತ ಹಾಗೆ. ಹೆಂಗಸರ ಕಡೆಗೂ ಗಂಡಸರ ಕಡೆಗೂ ನಡುವೆ ಎದೆಮಟ್ಟದ ಗೋಡೆ, ಹೆಂಗಸರಿಗೆ ಬೇರೆ ಬಾಗಿಲು. ಆ ಬಾಗಿಲನ್ನು ದಾಟಿ ಗಂಡಸರು ಯಾರೂ ಬರುವಂತಿರಲಿಲ್ಲ. ಎಲೆಅಡಿಕೆ ಹಾಕುವವರು, ಮಗುವಿಗೆ ಹಾಲು ಕುಡಿಸುವವರು, ಅಳಬೇಕಾದ ದೃಶ್ಯಕ್ಕೆ ಮುಂಚೆಯೇ ಸೆರಗು ಸಿದ್ಧ ಮಾಡಿಕೊಳ್ಳುವವರು, ಎಲ್ಲರೂ ಅಲ್ಲಿದ್ದರು. ನಮ್ಮಮ್ಮ ಸಿನಿಮಾಕ್ಕೆ ಅಂತಲೇ ಒಂದು ಹಳೆಯ ಸೀರೆ ಇಟ್ಟಿದ್ದಳು, ಅಳಲಿಕ್ಕೆ ಮೆತ್ತಗಿರುತ್ತದೆ ಅಂತ.

ಅಮ್ಮನಿಗೆ ಸಿನಿಮಾ ಹುಚ್ಚು. ಕೊರಟಗೆರೆಯಲ್ಲಿ ಟೆಂಟು ಹಾಕಿದ್ದಾರೆ ಅಂದರೆ ಅಲ್ಲಿಗೂ ಸೈ. ಆ ಟೆಂಟಿನಲ್ಲಿ ನೆಲಕ್ಕೆ ಮರಳು. ಮುಂದೆ ಕೂತವರ ತಲೆ ಅಡ್ಡ ಬಂದರೆ ಮರಳು ಗುಡ್ಡೆ ಮಾಡಿ ಅದರ ಮೇಲೆ ಕೂರಬೇಕು. ಹಿಂದಿನವರು ಇನ್ನೂ ಎತ್ತರದ ಗುಡ್ಡೆ ಮಾಡುತ್ತಾರೆ. ಇಂಟರ್ವಲ್ಲಿನ ಹೊತ್ತಿಗೆ ಟೆಂಟಿನ ತುಂಬ ಗುಡ್ಡಗಳು. ಪಾವಗಡದ ಚಿಕ್ಕಮ್ಮನ ಮನೆಗೆ ಹೋದರೆ ಅಲ್ಲಿ ತೆಲುಗು ಸಿನಿಮಾ. ಅಮ್ಮನಿಗೆ ತೆಲುಗು ಚೆನ್ನಾಗಿ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ಅವಳು ನನ್ನ ಕಿವಿಯಲ್ಲಿ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದಳು. ನಾಯಕ ಹತ್ತು ಮಾತಾಡಿದರೆ ಅವಳು ಒಂದು ಮಾತು ಹೇಳುವಳು. "ಒಪ್ಪಲ್ಲ ಅಂತಾವ್ನೆ." ಅಷ್ಟೇ.

ಕನ್ನಡ ಸಿನಿಮಾದಲ್ಲಿ ಲೆಕ್ಕಾಚಾರ ತಿರುವುಮುರುವು. ಅಲ್ಲಿ ಕಿವಿಯಲ್ಲಿ ಹೇಳುವವಳು ನಾನು. ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ಶಿರಾ ತಾಲ್ಲೂಕಿನ ತಾವರೆಕೆರೆ ಕಡೆಯ ಕುರಿ ಕಾಯುವವರ ಮನೆಯ ಹುಡುಗಿ, ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಹೆಸರುಗಳು ಬರುವಾಗ, ನಾಯಕಿ ಬರೆದಿಟ್ಟು ಹೋದ ಕಾಗದವನ್ನು ಪರದೆಯ ತುಂಬ ತೋರಿಸುವಾಗ, ಅಮ್ಮನ ಮೊಣಕೈ ನನ್ನ ಪಕ್ಕೆಗೆ ತಿವಿಯುತ್ತಿತ್ತು. "ಏನಂತ ಬರ್ದವ್ಳೆ? ಓದೇ ಬಿರ್ನೆ." ಒಂಬತ್ತು ವರ್ಷದವಳು ನಾನು ಗತ್ತಿನಿಂದ ಓದುತ್ತಿದ್ದೆ. ಅಕ್ಕಪಕ್ಕದ ಹೆಂಗಸರೂ ಬಾಗಿ ಕೇಳಿಸಿಕೊಳ್ಳುತ್ತಿದ್ದರು. ಆ ವಯಸ್ಸಿನಲ್ಲಿ ಅಷ್ಟು ಜನ ನನ್ನ ಬಾಯಿ ನೋಡಿಕೊಂಡು ಕೂರುತ್ತಿದ್ದರಲ್ಲ, ನನಗೆ ತಲೆ ತಿರುಗದೆ ಇರುತ್ತದೆಯೇ?

ಈಗ ಸ್ಲೈಡಿನ ವಿಷಯಕ್ಕೆ ಬರುತ್ತೇನೆ. ನಮ್ಮ ಟಾಕೀಸಿನಲ್ಲಿ ಇದ್ದದ್ದು ಒಂದೇ ಮಿಷನ್ನು. ಒಂದು ರೀಲು ಮುಗಿದು ಇನ್ನೊಂದು ಹಾಕುವವರೆಗೆ ಎರಡು ಮೂರು ನಿಮಿಷ ಬಿಡುವು. ಆಗ ಪರದೆಯ ಮೇಲೆ ಗಾಜಿನ ಸ್ಲೈಡುಗಳನ್ನು ತೋರಿಸುತ್ತಿದ್ದರು. ಬಟ್ಟೆ ಅಂಗಡಿ, ಬೀಡಿ, ಸೋಪು, ಎಲ್ಲವೂ ಬಣ್ಣಬಣ್ಣದವು, ಚಿತ್ರವಿದ್ದವು. ಇವುಗಳ ನಡುವೆ ಒಮ್ಮೊಮ್ಮೆ ಬೇರೆ ಥರದ್ದೊಂದು ಬರುತ್ತಿತ್ತು. ಗಾಜಿಗೆ ದೀಪದ ಮಸಿ ಹಿಡಿಸಿ, ಮೊಳೆಯಿಂದ ಗೀಚಿ ಬರೆದದ್ದು. ಪರದೆಯ ಮೇಲೆ ಕಪ್ಪಿನಲ್ಲಿ ಬಿಳಿ ಅಕ್ಷರ. ಅದು ಕೂಗುವ ಸ್ಲೈಡು. ಊರಿನಲ್ಲಿ ಯಾರಿಗಾದರೂ ಹೆರಿಗೆ ನೋವು ಬಂದರೆ, ಸಾವು ಬಂದರೆ, ನೆಂಟರು ಬಂದರೆ, ಟಾಕೀಸಿನಲ್ಲಿ ಕೂತವರನ್ನು ಹೀಗೆ ಕರೆಸುತ್ತಿದ್ದರು. ಇಂಥವರ ಮನೆಯವರು ಕೂಡಲೇ ಹೊರಗೆ ಬರತಕ್ಕದ್ದು. ಹೆಂಗಸರ ಹೆಸರು ಬರೆಯುವ ಪದ್ಧತಿ ಇರಲಿಲ್ಲ, ಯಾಕೆ ಏನು ಅಂತಲೂ ಬರೆಯುತ್ತಿರಲಿಲ್ಲ. ಸ್ಲೈಡು ಹಾಕಿದ ಮೇಲೂ ಹೊರಗೆ ಬರಲಿಲ್ಲ ಅಂದರೆ ಆ ಮನೆಯವರು ಒಳಗಿಲ್ಲ ಅಂತಲೇ ಅರ್ಥ. ಊರಿಗೆ ಊರೇ ಅದನ್ನು ನಂಬಿತ್ತು.

ನಮ್ಮಪ್ಪ ಕರಿಯಣ್ಣ, ಮಧುಗಿರಿಯಿಂದ ಶಿರಾಕ್ಕೆ ಓಡಾಡುವ ಖಾಸಗಿ ಬಸ್ಸಿನ ಕಂಡಕ್ಟರು. ಬಸ್ಸಿನಲ್ಲಿ ಹುಲಿ. ಟಾಕೀಸಿನ ಬಾಗಿಲಲ್ಲಿ ಮಾತ್ರ ಸ್ಲೈಡು ಹಾಕಿಸುವುದೇ ಗತಿ. ಒಂದು ಸಲ ಅಮ್ಮ ಮನೆಯ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಿನಿಮಾಕ್ಕೆ ಬಂದಿದ್ದಳು. ಹಸಿದ ಅಪ್ಪ ಸ್ಲೈಡು ಹಾಕಿಸಿದ. ನಾನೇ ಓದಿದೆ, ನಾವಿಬ್ಬರೂ ಬಿದ್ದೆವೋ ಎದ್ದೆವೋ ಅಂತ ಹೊರಗೆ ಓಡಿದೆವು. "ಬೀಗದ ಕೈ ಕೊಡೇ" ಅಂದ. ಇನ್ನೊಂದು ಸಲ ಊರಿಂದ ಯಾರೋ ಸೌತೆಕಾಯಿ ತಂದಿದ್ದರು ಅಂತ ಕರೆಸಿದ. ಎರಡೂ ಸಲ ಕಡೆಯ ರೀಲು ಬಾಕಿ ಇತ್ತು. ನನ್ನ ಪಾಲಿಗೆ ಎರಡು ಸಿನಿಮಾ ಕೊನೆಯಿಲ್ಲದೆ ಉಳಿದುಹೋದವು. ನನಗೆ ಅಪ್ಪನ ಮೇಲೆ ಬಂದ ಸಿಟ್ಟು ಸಣ್ಣದಲ್ಲ.

ಅಮ್ಮನಿಗೆ ಅದಕ್ಕಿಂತ ದೊಡ್ಡ ತಾಪತ್ರಯ. ಅವಳು ನೋಡಿದ ಸಿನಿಮಾವನ್ನೆಲ್ಲ ತವರಿಗೆ ಹೋದಾಗ ಅಜ್ಜಿಗೆ, ಅಂದರೆ ತನ್ನ ಅವ್ವನಿಗೆ, ಹೇಳಬೇಕಿತ್ತು. ಅಜ್ಜಿ ಒಂದೇ ಒಂದು ಸಿನಿಮಾ ನೋಡಿದವಳಲ್ಲ. "ಕತ್ಲೆ ಮನೇಲಿ ಪರಗಂಡಸ್ರ ಜೊತೆ ಕುಂತ್ಕಳಾದಾ?" ಎನ್ನುವಳು. ಆದರೆ ಹಟ್ಟಿಯ ಜಗುಲಿಯ ಮೇಲೆ ಕೂತು, ಕದಿರು ತಿರುಗಿಸುತ್ತ ಕುರಿಯ ಉಣ್ಣೆಯನ್ನು ನೂಲುತ್ತ, ಮಗಳು ಹೇಳುವ ಕಥೆಯನ್ನು ಹಾಡು ಸಮೇತ ಕೇಳುವಳು. ಕದಿರು ನಿಂತರೆ ಕಥೆಯಲ್ಲಿ ಯಾರಿಗೋ ಕಷ್ಟ ಬಂದಿದೆ ಅಂತ ತಿಳಿಯಬೇಕು. "ಕಡೇಗೇನಾಯ್ತವ್ವಾ?" ಎಂದು ಅಜ್ಜಿ ಕೇಳುವುದು, ಅಮ್ಮ ಬೇಕೆಂದೇ ಸತಾಯಿಸುವುದು. ಆ ಎರಡು ಸಿನಿಮಾಗಳ ಕೊನೆಯನ್ನು ಅಮ್ಮ ತಾನೇ ಕಟ್ಟಿ ಹೇಳಿದ್ದಳು. ಅದರಲ್ಲಿ ಸತ್ತವರೂ ಎದ್ದು ಬಂದಿದ್ದರು. ಅಜ್ಜಿ ಗಲ್ಲಕ್ಕೆ ಕೈಯಿಟ್ಟು, "ಅಂಗೂ ಆಯ್ತದಾ?" ಅಂದಿದ್ದಳು.

ಆ ಭಾನುವಾರ ನಾವಿಬ್ಬರೂ ಮ್ಯಾಟಿನಿಗೆ ಹೋದೆವು. ಮಾಡದ ತಪ್ಪಿಗೆ ಜೈಲು ಸೇರಿದ ಒಬ್ಬ ತಾಯಿಯ ಸಿನಿಮಾ. ಕೊನೆಗೆ ಕೋರ್ಟು. ಕಟಕಟೆಯಲ್ಲಿ ತಾಯಿ, ಎದುರಿಗೆ ಅವಳು ಯಾರೆಂದು ಗೊತ್ತಿಲ್ಲದೆ ಅವಳ ವಿರುದ್ಧವೇ ವಾದಿಸುವ ಮಗ. ಜಡ್ಜು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಗಂಟಲು ಸರಿಮಾಡಿಕೊಂಡರು, ರೀಲು ಮುಗಿಯಿತು. ಟಾಕೀಸಿನಲ್ಲಿ ದೊಡ್ಡ ನಿಟ್ಟುಸಿರು. ಹೆಂಗಸರೆಲ್ಲ ಒಟ್ಟಿಗೆ ಮಾತಿಗೆ ಶುರು ಮಾಡಿದರು, ಗಲ್ಲಿಗೆ ಹಾಕುತ್ತಾರೋ ಬಿಡುತ್ತಾರೋ ಎಂದು.

ಒಂದು ಸೋಪಿನ ಸ್ಲೈಡು ಬಂತು. ಒಂದು ಬೀಡಿಯ ಸ್ಲೈಡು. ಆಮೇಲೆ ಕಪ್ಪಿನಲ್ಲಿ ಬಿಳಿ ಅಕ್ಷರ. ಕಂಡಕ್ಟರ್ ಕರಿಯಣ್ಣನವರ ಮನೆಯವರು ಕೂಡಲೇ ಹೊರಗೆ ಬರತಕ್ಕದ್ದು.

ಓದಿದೆ. ಮನಸ್ಸಿನಲ್ಲಿ ಓದಿದೆ. ಮತ್ತೆ ಬೀಗದ ಕೈ, ಅಂದುಕೊಂಡೆ. ಇಲ್ಲ, ಮತ್ತೆ ಸೌತೆಕಾಯಿ. ಹೊರಗೆ ಅಪ್ಪನ ಬಸ್ಸಿನ ಹಾರನ್ನು ಕೇಳುತ್ತಿತ್ತು. ರಬ್ಬರಿನ ಬುರುಡೆ ಹಿಸುಕಿ ಬಾರಿಸುವ ಹಾರನ್ನು, ಕೆಮ್ಮುವ ಮುದುಕನ ಹಾಗೆ, ಊರಿನ ಮಕ್ಕಳಿಗೆಲ್ಲ ಗೊತ್ತಿದ್ದ ಹಾರನ್ನು. ಅಮ್ಮನ ಮೊಣಕೈ ಪಕ್ಕೆಗೆ ತಾಕಿತು.

"ಏನಂತ ಬರ್ದವ್ರೆ?"

"ಬಟ್ಟೆ ಅಂಗ್ಡೀದಮ್ಮ" ಅಂದೆ.

"ಏನಂತೆ?"

"ಹೊಸ ಸೀರೆ ಬಂದವಂತೆ."

ಅಮ್ಮ ಪರದೆಯ ಕಡೆ ನೋಡಿದಳು. ಆಮೇಲೆ, "ಹಬ್ಬಕ್ಕೆ ನೋಡಾನ ಬುಡು" ಅಂದಳು. ಸ್ಲೈಡು ಹೋಯಿತು. ದೀಪ ಆರಿತು. ಹಾರನ್ನು ಇನ್ನೂ ನಾಲ್ಕು ಸಲ ಕೂಗಿ ನಿಂತಿತು. ಕಡೆಯ ರೀಲು ಶುರುವಾಯಿತು.

ನೀವು ಕೇಳಬಹುದು, ತೀರ್ಪು ಏನಾಯಿತು ಅಂತ. ನಾನು ಕಣ್ಣು ಬಿಟ್ಟುಕೊಂಡು ಪೂರ್ತಿ ನೋಡಿದೆ. ಒಂದು ದೃಶ್ಯವೂ ನೆನಪಿಲ್ಲ.

ಹೊರಗೆ ಬಂದಾಗ ಹೆಂಗಸರ ಬಾಗಿಲು ಕಾಯುವ ಮುದುಕಿ ಅಮ್ಮನನ್ನು ಕಂಡು ಹೌಹಾರಿದಳು.

"ಅಯ್ಯೋ ನನ್ ತಾಯಿ, ಒಳಗೇ ಇದ್ಯಾ? ನಿಮ್ಮೆಜಮಾನ್ರು ಬಸ್ಸು ಇಲ್ಲೇ ನಿಲ್ಸ್ಕಂಡು ಬಡ್ಕಂಡ್ರು ಕಣಮ್ಮ. ಸಿಲೈಡು ಹಾಕ್ಸುದ್ರಲ್ಲ! ನಿಮ್ಮವ್ವಂಗೆ ಜೋರಂತೆ, ಉಳಿಯಾಕಿಲ್ವಂತೆ. ನೀನು ಆಗ್ಲೇ ಬ್ಯಾರೆ ಬಸ್ನಾಗೆ ಹೊಂಟೋಗಿರ್ಬೇಕು ಅಂದ್ಕಂಡು ಹೋದ್ರು."

ಅಪ್ಪ ಶಿರಾದಲ್ಲಿ ಸುದ್ದಿ ತಿಳಿದು ಬಂದಿದ್ದ. ಮನೆಗೆ ಬೀಗ. ಪಕ್ಕದ ಮನೆಯವರು ಟಾಕೀಸು ಅಂದಿದ್ದರು. ಅವತ್ತು ಶಿರಾಕ್ಕೆ ಹೋಗುವ ಕೊನೆಯ ಬಸ್ಸು ಅವನದೇ. ತುಂಬಿದ ಬಸ್ಸನ್ನು ಕಾಲು ಗಂಟೆ ಟಾಕೀಸಿನ ಮುಂದೆ ನಿಲ್ಲಿಸಿಕೊಂಡು, ಪ್ರಯಾಣಿಕರ ಬೈಗುಳ ತಿಂದು, ನಾವು ಒಳಗಿಲ್ಲ ಅಂತ ತೀರ್ಮಾನಿಸಿ ಹೊರಟಿದ್ದ. ಅಮ್ಮ ಬಸ್ ಸ್ಟ್ಯಾಂಡಿಗೆ ಓಡಿದಳು. ನಾನು ಹಿಂದೆ. ಲಾರಿಯವರನ್ನು ಕೇಳಿದಳು, ಎತ್ತಿನ ಗಾಡಿಯವನನ್ನು ಕೂಡ ಕೇಳಿದಳು. ಬೆಳಗಿನ ಮೊದಲ ಬಸ್ಸೇ ಗತಿಯಾಯಿತು. ಅಲ್ಲಿಯವರೆಗೂ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತಿದ್ದಳು. ನನ್ನ ಕಡೆ ತಿರುಗಿ ನೋಡಲಿಲ್ಲ.

ನಾವು ಹಟ್ಟಿ ಮುಟ್ಟುವ ಹೊತ್ತಿಗೆ ಅಜ್ಜಿಯನ್ನು ಹೊರಗೆ ತಂದು ಕೂರಿಸಿ, ಮೈಮೇಲೆ ಅವಳೇ ನೂತ ಉಣ್ಣೆಯ ಕಂಬಳಿ ಹೊದಿಸಿದ್ದರು. ಕೋಳಿ ಕೂಗುವ ಹೊತ್ತಿಗೆ ಜೀವ ಹೋಯಿತಂತೆ. ಅದಕ್ಕೆ ಮುಂಚೆ ಬಾಗಿಲ ಕಡೆ ನೋಡುತ್ತ, "ಬಂದ್ಲಾ? ಬಂದ್ಲಾ?" ಅನ್ನುತ್ತಿದ್ದಳಂತೆ. ಬಂದವರೆಲ್ಲ ಇದನ್ನು ಅಮ್ಮನಿಗೆ ಹೇಳಿದರು. ಹೇಳಲೇಬೇಕು ಎನ್ನುವ ಹಾಗೆ ಒಬ್ಬರಾದ ಮೇಲೆ ಒಬ್ಬರು ಹೇಳಿದರು. ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಆಡಿ ಆಡಿ ಅಳುತ್ತಾರೆ. ಅಮ್ಮ ಅಜ್ಜಿಯ ಎರಡೂ ಕೈ ಹಿಡಿದುಕೊಂಡು, "ಕಡೇಗೇನಾಯ್ತು ಅಂತ ಕೇಳೇ ನನ್ನವ್ವಾ, ಹೇಳಾಕೆ ಬಂದಿವ್ನಿ, ಕೇಳೇ" ಎಂದು ಅತ್ತಳು. ಅದರ ಅರ್ಥ ಅಲ್ಲಿ ಇನ್ಯಾರಿಗೂ ಆಗಲಿಲ್ಲ, ನನಗೊಬ್ಬಳಿಗೇ ಆಯಿತು.

ಮಣ್ಣು ಮಾಡಿ ಬಂದ ಮೇಲೆ ಮಾವ, ಅಮ್ಮನ ಅಣ್ಣ, ಎಲ್ಲರ ಮುಂದೆ ಬಾಯಿ ತೆಗೆದ.

"ಸಿಲೈಡು ಹಾಕುದ್ರೂ ಎದ್ದು ಬರ್ಲಿಲ್ವಲ್ಲೇ. ಹೆತ್ತವ್ವಂಗಿಂತ ನಿಂಗೆ ಸಿನಿಮಾನೇ ಹೆಚ್ಚಾಯ್ತಾ?"

"ನಂಗೆ ಓದಾಕೆ ಬತ್ತದಾ ಅಣ್ಣ?" ಅಂದಳು ಅಮ್ಮ.

ಅಪ್ಪ ಮೆಲ್ಲಗೆ, "ಮಗೀಗೆ ಬತ್ತದಲ್ಲ" ಅಂದ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಹೇಳಿಬಿಡಬೇಕು ಅನ್ನಿಸಿತು, ಓಡಿಹೋಗಬೇಕು ಅಂತಲೂ ಅನ್ನಿಸಿತು.

"ಅವ್ಳು ನಿದ್ದೆ ಹೋಗಿದ್ಲು" ಎಂದಳು ಅಮ್ಮ. "ನನ್ ತೊಡೆ ಮ್ಯಾಲೆ ತಲೆ ಇಟ್ಕಂಡು ಮನೀಕಂಡಿತ್ತು ಮಗ."

ನಾನು ಬದುಕಿದೆ ಅಂದುಕೊಂಡೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಅನ್ನಿಸಿದ್ದು ಅಷ್ಟೇ. ಅಮ್ಮ ಯಾಕೆ ಸುಳ್ಳು ಹೇಳಿದಳು ಅನ್ನುವುದು ಹೊಳೆಯಲು ತಿಂಗಳುಗಳೇ ಬೇಕಾದವು. ಅಷ್ಟರಲ್ಲಿ ಕೆಲಸ ಕೆಟ್ಟಿತ್ತು. "ಅವ್ವ ಸಾಯ್ತಿದ್ರೆ ಸಿನಿಮಾ ನೋಡ್ತಾ ಕುಂತಿದ್ದೋಳು" ಅನ್ನುವ ಹೆಸರು ಅಮ್ಮನಿಗೆ ಅಂಟಿಕೊಂಡಿತು. ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ, ಬಾವಿಕಟ್ಟೆಯಲ್ಲಿ, ಎಲ್ಲ ಕಡೆಯೂ ಅವಳಿಗಿಂತ ಮುಂಚೆ ಆ ಮಾತು ತಲುಪಿರುತ್ತಿತ್ತು. ತವರಿನವರು ಹಬ್ಬಕ್ಕೆ ಕರೆಯುವುದನ್ನು ಬಿಟ್ಟರು. ಅವಳೂ ಸಿನಿಮಾಕ್ಕೆ ಹೋಗುವುದನ್ನು ಬಿಟ್ಟಳು. ಸಿನಿಮಾ ಸೀರೆಯನ್ನು ಹರಿದು ಮಸಿಬಟ್ಟೆ ಮಾಡಿದಳು.

ಅವಳು ನನಗೆ ಬೈಯಲಿಲ್ಲ, ಹೊಡೆಯಲಿಲ್ಲ. ತಲೆ ಬಾಚಿದಳು, ಬಿಸಿ ಮುದ್ದೆಗೆ ಸಾರು ಬಿಟ್ಟು ಮುಂದೆ ತಳ್ಳಿದಳು, ಜ್ವರ ಬಂದಾಗ ಪಕ್ಕದಲ್ಲಿ ಕೂತಳು. ಒಂದು ಮಾತ್ರ. ಅವತ್ತಿನಿಂದ ಅವಳು ನನ್ನ ಕೈಯಲ್ಲಿ ಏನನ್ನೂ ಓದಿಸಲಿಲ್ಲ. ಮನೆಗೆ ಇನ್ಲ್ಯಾಂಡ್ ಕಾಗದ ಬಂದರೆ ನಾನು ಎದುರಿಗೇ ಕೂತಿದ್ದರೂ ಅದನ್ನು ಗೂಡಿನಲ್ಲಿಟ್ಟು, ಅಪ್ಪ ಬಸ್ಸಿಳಿದು ಬರುವವರೆಗೂ ಕಾಯುತ್ತಿದ್ದಳು. ಬಸ್ಸಿನ ಬೋರ್ಡು ಯಾವ ಊರಿನದೆಂದು ತಿಳಿಯಬೇಕಾದರೆ ನನ್ನ ತಲೆಯ ಮೇಲಿಂದ ಪಕ್ಕದವರನ್ನು ಕೇಳುತ್ತಿದ್ದಳು. ನಾನು ಹೈಸ್ಕೂಲು ಮುಗಿಸಿದೆ, ಮೇಷ್ಟರ ಕೆಲಸಕ್ಕೆ ತರಬೇತಿಗೆ ಸೇರಿದೆ. ಊರಿನ ಮಕ್ಕಳೆಲ್ಲ ನನ್ನ ಹತ್ತಿರ ಪುಸ್ತಕ ತಂದರು, ಅಮ್ಮ ಒಂದು ಚೀಟಿಯನ್ನೂ ತರಲಿಲ್ಲ.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಪಕ್ಕದ ಮನೆಗೆ ಟಿ.ವಿ. ಬಂತು. ಸಂಜೆಯ ಸಿನಿಮಾಕ್ಕೆ ಬೀದಿಯೆಲ್ಲ ಅಲ್ಲಿ. ಅಮ್ಮನನ್ನೂ ಬಲವಂತವಾಗಿ ಕರೆದರು, ಹೊಸ್ತಿಲ ಹತ್ತಿರ ಬಂದು ಕೂತಳು. ಹೆಸರುಗಳು ಮುಗಿದು ಮೊದಲ ಹಾಡು ಬಂದಾಗಲೇ ನನಗೆ ತಿಳಿಯಿತು, ಇದು ಆ ತಾಯಿಯ ಸಿನಿಮಾ. ಅಮ್ಮನಿಗೂ ತಿಳಿದಿರಬೇಕು. ಆದರೂ ಏಳಲಿಲ್ಲ. ಜೈಲು ಬಂತು, ಕೋರ್ಟು ಬಂತು. ಜಡ್ಜು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಲೆ ಮ್ಯಾಲೆ ಹಾಲಿಟ್ಟಿವ್ನಿ" ಎಂದು ಅಮ್ಮ ಎದ್ದಳು. ನಾನೂ ಎದ್ದು ಹಿಂದೆ ಹೋದೆ. ಒಲೆ ಆರಿತ್ತು. ಹಾಲೂ ಇರಲಿಲ್ಲ. ಅಮ್ಮ ತಣ್ಣಗಿನ ಒಲೆಯ ಮುಂದೆ ಕೂತಿದ್ದಳು.

"ಅವತ್ತು ನಾನು ನಿದ್ದೆ ಮಾಡ್ತಿರ್ಲಿಲ್ಲಮ್ಮ" ಅಂದೆ. ಇಷ್ಟು ಹೇಳಲು ನನಗೆ ಹತ್ತು ವರ್ಷ ಹಿಡಿದಿತ್ತು.

"ಗೊತ್ತು ಬುಡು."

"ಸ್ಲೈಡು ಓದಿದ್ದೆ. ಸುಳ್ಳು ಹೇಳ್ದೆ."

"ಅದೂ ಗೊತ್ತು. ಅಂಗ್ಡಿ ಸಿಲೈಡಿಗೆ ಬಣ್ಣ ಇರ್ತದೆ, ಬೊಂಬೆ ಇರ್ತದೆ. ಅದು ಕರಿ ಗಾಜು. ಓದಾಕೆ ಬರಾಕಿಲ್ಲ ಅಂದ್ರೆ ಕಣ್ಣೂ ಇಲ್ವೇನೆ ನಂಗೆ? ಹಾರನ್ನೂ ಕೇಳುಸ್ತು. ದಿನಾ ಆ ಹಾರನ್ ಕೇಳ್ಕಂಡೇ ಮುದ್ದೆಗೆ ಎಸರು ಇಕ್ತಿದ್ದೋಳು ನಾನು."

"ಮತ್ತೆ ಯಾಕಮ್ಮ ಏಳ್ಲಿಲ್ಲ?"

ಅಮ್ಮ ಬೂದಿಯನ್ನು ಕಡ್ಡಿಯಿಂದ ಕೆದಕಿದಳು.

"ಬೀಗದ ಕೈಗೆ ಬಂದವ್ರೆ ಅಂದ್ಕಂಡೆ. ನಂಗೂ ಕಡೇದು ನೋಡ್ಬೇಕಿತ್ತು ಕಣೆ. ನೀನು ಸೀರೆ ಅಂದೆ. ನಂಗೂ ಅದೇ ಬೇಕಾಗಿತ್ತು. ನಿನ್ನುನ್ನ ಹೆಂಗೆ ಬೈಯ್ಲಿ? ಇನ್ನೊಂದ್ಸಲ ಓದು ಅಂತ ನಿನ್ನುನ್ನ ಯಾವ ಬಾಯ್ನಾಗೆ ಕೇಳ್ಲಿ?"

ಪಕ್ಕದ ಮನೆಯಿಂದ ಕೋರ್ಟಿನ ಗದ್ದಲ ಕೇಳುತ್ತಿತ್ತು. ಅಮ್ಮ ಕಡ್ಡಿಯನ್ನು ಒಲೆಗೆ ಹಾಕಿದಳು.

"ಏನಂತ ಬರ್ದಿದ್ರು? ಈಗ ಓದು."

ಓದಿದೆ. ಎದುರಿಗೆ ಗೋಡೆಯ ಮೇಲೆ ಬರೆದಿದೆಯೇನೋ ಎನ್ನುವ ಹಾಗೆ, ಒಂದಕ್ಷರ ಬಿಡದೆ ಓದಿದೆ. "ಕಂಡಕ್ಟರ್ ಕರಿಯಣ್ಣನವರ ಮನೆಯವರು ಕೂಡಲೇ ಹೊರಗೆ ಬರತಕ್ಕದ್ದು."

"ಅಷ್ಟೇನಾ?"

"ಅಷ್ಟೇ."

"ಅವ್ವ ಅಂತ ಬರ್ದಿರ್ಲಿಲ್ವಾ?"

"ಇಲ್ಲಮ್ಮ."

"ಇನ್ನೊಂದ್ಸಲ ಓದು."

ಇನ್ನೊಂದು ಸಲ ಓದಿದೆ. ಅಮ್ಮ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು, ಸೆರಗು ಸರಿಮಾಡಿಕೊಂಡಳು, ಹೊಸ್ತಿಲು ದಾಟಿ ಹೊರಗೆ ಹೋಗಿ ಬೀದಿಯಲ್ಲಿ ನಿಂತಳು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಅವಳು ಬಸ್ ಸ್ಟ್ಯಾಂಡಿನ ಕಡೆಯೇ ನೋಡುತ್ತಿದ್ದಳು. ಶಿರಾಕ್ಕೆ ಹೋಗುವ ಕೊನೆಯ ಬಸ್ಸು ಹೊರಟು ಎಷ್ಟೋ ಹೊತ್ತಾಗಿತ್ತು.